ಹಳೆಯ ಮೋಟಾರು ಸೈಕಲ್ಲಿಗೆ ಹೊಸ ಟೈರು: ಅಗ್ಗವಾವುದು, ಲಾಭವಾವುದು?

ಹಳೆಯ ಮೋಟಾರು ಸೈಕಲ್ಲನ್ನು ಇಟ್ಟುಕೊಂಡಿರುವವರಲ್ಲಿ ಎರಡು ಬಗೆಯವರುಂಟು. ಕೆಲವರು ಪ್ರೀತಿಯಿಂದ ಇಟ್ಟುಕೊಂಡವರು. ಹಲವರು ಅನಿವಾರ್ಯದಿಂದ ಇಟ್ಟುಕೊಂಡವರು. ಮೊದಲನೆಯವರ ಮನೆಯ ಜಗಲಿಯಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಟ ಜಾವಾ ಅಥವಾ ಯೆಜ್ದಿ ಗಾಡಿಯೊಂದು ತಂದೆಯ ಕಾಲದಿಂದ ನಿಂತಿರುತ್ತದೆ. ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಲೇ ಇವೆ. ಎರಡನೆಯವರು ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವರು, ಊರಿಂದೂರಿಗೆ ಬಟ್ಟೆ ಮಾರುವವರು, ದಿನವೂ ಮೂವತ್ತು ನಲವತ್ತು ಕಿಲೋಮೀಟರು ಹೋಗಿ ಬರುವ ಉಪಾಧ್ಯಾಯರು, ಗುಮಾಸ್ತರು. ಇವರದು ಹದಿನೈದೋ ಇಪ್ಪತ್ತೋ ವರ್ಷದ ಸ್ಪ್ಲೆಂಡರ್ ಗಾಡಿ. ಹೊಸದನ್ನು ಕೊಳ್ಳಲು ಕೈಯಲ್ಲಿ ಹಣವಿಲ್ಲ; ಹಳೆಯದನ್ನು ಬಿಟ್ಟರೆ ಅನ್ನ ಹುಟ್ಟುವುದಿಲ್ಲ. ಈ ಎರಡು ಬಗೆಯವರೂ ಒಂದಲ್ಲ ಒಂದು ದಿನ ಟೈರಿನ ಅಂಗಡಿಯ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ: “ಕಡಿಮೆಯದು ಯಾವುದಿದೆ?”

ಪ್ರಶ್ನೆ ಒಂದೇ ಆದರೂ ಇಬ್ಬರಿಗೂ ಸಲ್ಲುವ ಉತ್ತರ ಒಂದೇ ಅಲ್ಲ. ಅದು ಏಕೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಟೈರು ಎಂಬ ಇಂಗ್ಲಿಷು ಶಬ್ದಕ್ಕೆ ಉಡಿಗೆ ಎಂಬರ್ಥದ ಶಬ್ದವೇ ಮೂಲವೆಂದು ನಿಘಂಟುಕಾರರು ಹೇಳುತ್ತಾರೆ. ಗಾಲಿಯ ಉಡಿಗೆಯೇ ಟೈರು. ನಮ್ಮ ಎತ್ತಿನ ಗಾಡಿಯ ಗಾಲಿಗೆ ಕಮ್ಮಾರನು ಕಾಯಿಸಿ ತೊಡಿಸುವ ಕಬ್ಬಿಣದ ಹಳಿಯೂ ಒಂದು ಉಡಿಗೆಯೇ. ಗಾಳಿ ತುಂಬಿದ ಉಡಿಗೆಯನ್ನು ಮೊದಲು ಯೋಚಿಸಿದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. ಅವನು 1845ರಲ್ಲೇ ಅದಕ್ಕೆ ಪೇಟೆಂಟು ಪಡೆದ. ಆದರೆ ಜನ ಅದನ್ನು ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದೇ ಉಪಾಯವನ್ನು ಮತ್ತೆ ಕಂಡುಕೊಂಡ. ಅಂದಿನಿಂದ ಲೋಕವೆಲ್ಲ ಗಾಳಿಯ ಮೇಲೆ ಕುಳಿತು ಓಡಾಡುತ್ತಿದೆ.

ಗಾಳಿಯ ಮೇಲೆ ಕುಳಿತಿದ್ದೇವೆಂಬುದು ಬರಿಯ ಅಲಂಕಾರದ ಮಾತಲ್ಲ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಗಾಡಿ, ಸವಾರ ಎರಡೂ ಸೇರಿ 250 ಕಿಲೋಗ್ರಾಂ ತೂಗುತ್ತವೆನ್ನೋಣ. ಟೈರಿನಲ್ಲಿ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಒತ್ತಡದ ಗಾಳಿಯಿದೆ. ಪಂಕ್ಚರ್ ಅಂಗಡಿಯವರ ಭಾಷೆಯಲ್ಲಿ ಹೇಳುವುದಾದರೆ ಸುಮಾರು 28 ಪೌಂಡು. 250ನ್ನು 2ರಿಂದ ಭಾಗಿಸಿದರೆ 125. ಎಂದರೆ ಎರಡು ಟೈರುಗಳೂ ಕೂಡಿ ರಸ್ತೆಯನ್ನು ಮುಟ್ಟುವ ಜಾಗ ಸ್ಥೂಲವಾಗಿ 125 ಚದರ ಸೆಂಟಿಮೀಟರು. ನಮ್ಮ ಅಂಚೆ ಕಾರ್ಡಿನ ಅಳತೆ 14 ಸೆಂಟಿಮೀಟರು ಉದ್ದ, 9 ಸೆಂಟಿಮೀಟರು ಅಗಲ. ಅದರ ವಿಸ್ತೀರ್ಣ 126. ಒಂದು ಕಾರ್ಡನ್ನು ನಡುವೆ ಹರಿದು ಎರಡು ಗಾಲಿಗಳ ಕೆಳಗೆ ಒಂದೊಂದು ತುಂಡನ್ನು ಇಟ್ಟರೆ ಎಷ್ಟೋ ಅಷ್ಟೇ ನಿಮಗೂ ಭೂಮಿಗೂ ಇರುವ ಸಂಬಂಧ. ತಿರುವಿನಲ್ಲಿ ಗಾಡಿಯನ್ನು ಹಿಡಿಯುವುದೂ, ನಾಯಿ ಅಡ್ಡ ಬಂದಾಗ ನಿಲ್ಲಿಸುವುದೂ, ಮಳೆ ಬಿದ್ದ ಟಾರು ರಸ್ತೆಯಲ್ಲಿ ಜಾರದಂತೆ ಕಾಯುವುದೂ ಆ ಹರಿದ ಕಾರ್ಡಿನ ಎರಡು ತುಂಡುಗಳೇ. ಟೈರಿನ ವ್ಯಾಪಾರದಲ್ಲಿ ಇನ್ನೂರು ರೂಪಾಯಿ ಉಳಿಸುವ ಮುನ್ನ ಈ ಲೆಕ್ಕವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇನ್ನು ಟೈರನ್ನು ಓದುವ ಕ್ರಮಕ್ಕೆ ಬರೋಣ. ಓದುವುದೆಂದೇ ಹೇಳಿದೆ. ಊರ ಮುಂದಿನ ಶಾಸನದ ಕಲ್ಲಿನಂತೆ ಟೈರಿನ ಪಕ್ಕೆಯ ಮೇಲೂ ಅದರ ಚರಿತ್ರೆಯೆಲ್ಲ ಕೆತ್ತಿದೆ. ಓದಬಲ್ಲವನಿಗೆ ಅಂಗಡಿಯವನ ವರ್ಣನೆ ಬೇಕಾಗುವುದಿಲ್ಲ.

ಮೊದಲು ಕಾಣುವುದು ಅಳತೆ. ಹಳೆಯ ಬುಲೆಟ್ 350 ಗಾಡಿಯ ಟೈರಿನ ಮೇಲೆ 3.25-19 ಎಂದಿರುತ್ತದೆ. 3.25 ಎಂಬುದು ಟೈರಿನ ಅಗಲ, ಅಂಗುಲದಲ್ಲಿ. 19 ಎಂಬುದು ಟೈರು ಕೂರುವ ರಿಮ್ಮಿನ ವ್ಯಾಸ, ಅದೂ ಅಂಗುಲದಲ್ಲೇ. ಯಮಾಹಾ ಆರ್‌ಎಕ್ಸ್ 100 ಗಾಡಿಗೆ ಮುಂದೆ 2.50-18, ಹಿಂದೆ 2.75-18. ಹಳೆಯ ಸ್ಪ್ಲೆಂಡರಿಗೆ ಎರಡೂ ಕಡೆ 2.75-18. ಹಳೆಯ ಜಾವಾದ ಗಾಲಿ ಇವೆಲ್ಲಕ್ಕಿಂತ ಸಣ್ಣದು, ಅದರದು 3.25-16. ಈಚಿನ ಟೈರುಗಳಲ್ಲಿ ಅಳತೆಯನ್ನು ಬೇರೆ ರೀತಿ ಬರೆಯುತ್ತಾರೆ: 80/100-18 ಎಂದರೆ ಅಗಲ 80 ಮಿಲಿಮೀಟರು, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ ನೂರು ಪಾಲು, ರಿಮ್ಮು 18 ಅಂಗುಲ. 90/90-19 ಎಂದಿದ್ದರೆ ಅಗಲ 90 ಮಿಲಿಮೀಟರು, ಎತ್ತರ ಅದರ ನೂರಕ್ಕೆ ತೊಂಬತ್ತು ಪಾಲು ಎಂದರೆ 81.

ಹಳೆಯ ಗಾಡಿಯವರಿಗೆ ತೊಡಕು ಬರುವುದು ಇಲ್ಲಿಯೇ. ಅಂಗುಲದ ಅಳತೆಯ ಟೈರು ಸಿಕ್ಕದೆ ಹೋದಾಗ ಮಿಲಿಮೀಟರಿನ ಅಳತೆಯಲ್ಲಿ ಯಾವುದು ಸರಿಹೋದೀತು? 2.75 ಅಂಗುಲವನ್ನು ಗುಣಿಸಿ ನೋಡಿದರೆ ಸುಮಾರು 70 ಮಿಲಿಮೀಟರು ಬರುತ್ತದೆ. ಆದರೆ ಸ್ಪ್ಲೆಂಡರಿಗೆ 2.75-18 ಹಾಕುತ್ತಿದ್ದ ತಯಾರಕರೇ ಮುಂದೆ 80/100-18 ಹಾಕಿದರು. ಎರಡು ಪದ್ಧತಿಗಳಲ್ಲಿ ಹೆಸರಿಡುವ ಕ್ರಮ ಬೇರೆಯಾದ್ದರಿಂದ ಬರಿಯ ಗುಣಾಕಾರ ಇಲ್ಲಿ ಸಾಲದು. ಟೈರು ಕಂಪನಿಗಳು ಯಾವ ಗಾಡಿಗೆ ಯಾವ ಟೈರು ಎಂಬ ಪಟ್ಟಿಯನ್ನು ಅಚ್ಚು ಹಾಕಿಸಿರುತ್ತವೆ. ಆ ಪಟ್ಟಿಯನ್ನು ತೋರಿಸೆಂದು ಅಂಗಡಿಯಲ್ಲಿ ಕೇಳಿ.

ಕೊನೆಯ ಸಂಖ್ಯೆಯಲ್ಲಿ ಮಾತ್ರ ಯಾವ ರಾಜಿಗೂ ಎಡೆಯಿಲ್ಲ. 18ರ ರಿಮ್ಮಿಗೆ 18ರ ಟೈರೇ ಆಗಬೇಕು. ಅಗಲದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ನಡೆಯುತ್ತದೆಯಾದರೂ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಹಳೆಯ ಗಾಡಿಗಳ ರಿಮ್ಮು ಕಿರಿದು. ನೋಟಕ್ಕೆ ಚೆನ್ನಾಗಿದೆಯೆಂದು ಹುಡುಗರು ದಪ್ಪ ಟೈರು ಹಾಕಿಸುವುದುಂಟು. ಕಿರಿದಾದ ರಿಮ್ಮಿನಲ್ಲಿ ದಪ್ಪ ಟೈರು ಹಿಂಡಿಕೊಂಡು ಗೋಪುರದಂತೆ ಎತ್ತಿ ನಿಲ್ಲುತ್ತದೆ. ಚೈನಿಗೋ ಮಡ್‌ಗಾರ್ಡಿಗೋ ಉಜ್ಜುತ್ತದೆ. ಗಾಡಿ ತಿರುಗಲು ಭಾರವಾಗುತ್ತದೆ. ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಹಣ ಹೆಚ್ಚು ಕೊಟ್ಟು ಗುಣ ಕಡಿಮೆ ತಂದಂತೆ.

ಜಾವಾದವರ ಪಾಡು ಇನ್ನೂ ಬೇರೆ. 16 ಅಂಗುಲದ ಟೈರು ಎಲ್ಲ ಅಂಗಡಿಗಳಲ್ಲೂ ಕೇಳಿದ ತಕ್ಷಣ ಸಿಗುವ ವಸ್ತುವಲ್ಲ. ಟೈರು ಸಿಗಲಿಲ್ಲವೆಂದು ಗಾಲಿಯನ್ನೇ ಬದಲಾಯಿಸಿ 18ರದನ್ನು ಕೂರಿಸಿದವರನ್ನು ಕಂಡಿದ್ದೇನೆ. ಗಾಡಿಯ ಎತ್ತರ, ಓಟ, ಹಿಡಿತ ಎಲ್ಲವೂ ಅದರಿಂದ ಕೆಡುತ್ತವೆ. ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಅದರ ಬದಲು ಮುಂಚಿತವಾಗಿ ವಿಚಾರಿಸಿ ತರಿಸಿಕೊಳ್ಳುವುದು ಮೇಲು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ದಿ ಗಾಡಿಗಳ ಒಡೆಯರು ಊರೂರುಗಳಲ್ಲಿ ಒಟ್ಟುಗೂಡುವ ಪದ್ಧತಿಯಿದೆ. ಯಾವ ಟೈರು ಎಲ್ಲಿ ಸಿಕ್ಕಿತು, ಎಷ್ಟು ಓಡಿತು ಎಂಬುದನ್ನು ಅವರಷ್ಟು ನಿಖರವಾಗಿ ಯಾವ ಜಾಹೀರಾತೂ ಹೇಳಲಾರದು.

ಅಳತೆಯ ಪಕ್ಕದಲ್ಲಿ ಒಂದು ಸಂಖ್ಯೆಯೂ ಒಂದು ಅಕ್ಷರವೂ ಇರುತ್ತವೆ, 42ಪಿ ಎಂದಿಟ್ಟುಕೊಳ್ಳಿ. ಈ 42 ಎಂಬುದು ಕಿಲೋಗ್ರಾಂ ಅಲ್ಲ, ಭಾರದ ಸಂಕೇತ. 42 ಎಂದರೆ ಆ ಟೈರು 150 ಕಿಲೋಗ್ರಾಂ ಹೊರಬಲ್ಲುದು. 48 ಎಂದರೆ 180, 52 ಎಂದರೆ 200, 54 ಎಂದರೆ 212. ಪಿ ಎಂಬ ಅಕ್ಷರ ವೇಗದ ಮಿತಿ, ಗಂಟೆಗೆ 150 ಕಿಲೋಮೀಟರು. ಜೆ ಎಂದಿದ್ದರೆ 100, ಎಲ್ ಎಂದಿದ್ದರೆ 120. ನಮ್ಮ ಹಳೆಯ ಗಾಡಿಗಳಿಗೆ ವೇಗದ ಅಕ್ಷರಕ್ಕಿಂತ ಭಾರದ ಸಂಖ್ಯೆಯೇ ಮುಖ್ಯ. ಹಾಲಿನ ಕ್ಯಾನು ಹೇರುವವರು, ಹಿಂದೆ ಇಬ್ಬರನ್ನು ಕೂರಿಸಿಕೊಂಡು ಹೋಗುವವರು — ಕೂರಿಸಬಾರದು, ಆದರೂ ಕೂರಿಸುತ್ತಾರೆ — ಹಿಂದಿನ ಟೈರಿನ ಸಂಖ್ಯೆಯನ್ನು ನೋಡದೆ ಕೊಳ್ಳಲೇಬಾರದು. ಒಂದೇ ಅಳತೆಯ ಎರಡು ಟೈರುಗಳಲ್ಲಿ ಒಂದು 42 ಇದ್ದು ಇನ್ನೊಂದು 48 ಇರಬಹುದು; ಬೆಲೆಯ ವ್ಯತ್ಯಾಸಕ್ಕೆ ಇದೂ ಒಂದು ಕಾರಣ. 4ಪಿಆರ್, 6ಪಿಆರ್ ಎಂಬ ಗುರುತು ಕೂಡ ಬಲವನ್ನೇ ಸೂಚಿಸುತ್ತದೆ. ಹಿಂದಿನ ಕಾಲದಲ್ಲಿ ಅದು ಒಳಗಿನ ಹತ್ತಿಬಟ್ಟೆಯ ಪದರಗಳ ಎಣಿಕೆಯಾಗಿತ್ತು. ಈಗ ಪದರ ಅಷ್ಟೇ ಇರಬೇಕೆಂದಿಲ್ಲ, ಬಲ ಅಷ್ಟಿರಬೇಕೆಂದು ಅರ್ಥ.

ಐಎಸ್‌ಐ ಗುರುತಿದೆಯೇ ಎಂದೂ ನೋಡಿ. ಮೋಟಾರು ವಾಹನಗಳ ಟೈರು ಟ್ಯೂಬುಗಳಿಗೆ ಈ ಗುರುತು ಇರತಕ್ಕದ್ದೆಂದು ಕೇಂದ್ರ ಸರ್ಕಾರ 2009ರಲ್ಲಿ ಆದೇಶ ಹೊರಡಿಸಿತು. ಎರಡು ಗಾಲಿ, ಮೂರು ಗಾಲಿಯ ವಾಹನಗಳ ಟೈರಿಗೆ ಸಲ್ಲುವ ಭಾರತೀಯ ಮಾನಕದ ಸಂಖ್ಯೆ 15627.

ಈಗ ಶಾಸನದ ಅತಿ ಮುಖ್ಯವಾದ ಸಾಲಿಗೆ, ಎಂದರೆ ಅದರ ತೇದಿಗೆ ಬರೋಣ. ಪಕ್ಕೆಯ ಮೇಲೆ ಒಂದು ಸಣ್ಣ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. 3223 ಎಂದಿದ್ದರೆ ಆ ಟೈರು 2023ನೆಯ ಇಸವಿಯ 32ನೆಯ ವಾರದಲ್ಲಿ, ಎಂದರೆ ಆಗಸ್ಟ್ ತಿಂಗಳಲ್ಲಿ, ಹುಟ್ಟಿತೆಂದು ತಿಳಿಯಬೇಕು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಕೆಲವು ಟೈರುಗಳಲ್ಲಿ ಇದು ಒಂದೇ ಪಕ್ಕೆಯಲ್ಲಿರುತ್ತದೆ. ಕಾಣದಿದ್ದರೆ ಮಗುಚಿ ನೋಡಬೇಕು. ಮೂರೇ ಅಂಕಿಗಳಿದ್ದರೆ ಅದು 2000ಕ್ಕೂ ಮುಂಚಿನ ಟೈರು. ಎಷ್ಟೇ ಹೊಳೆಯುತ್ತಿರಲಿ, ನಮಸ್ಕಾರ ಮಾಡಿ ಹೊರಟುಬಿಡಿ.

ತೇದಿಗೆ ಇಷ್ಟೇಕೆ ಮಹತ್ವ? ರಬ್ಬರಿಗೆ ಸವೆತದಂತೆ ಮುಪ್ಪೂ ಉಂಟು. ಬಿಸಿಲು, ಶಾಖ, ಗಾಳಿಯಲ್ಲಿರುವ ಆಮ್ಲಜನಕ, ಓಜೋನು ಇವುಗಳಿಂದ ರಬ್ಬರು ಮೆಲ್ಲಮೆಲ್ಲನೆ ಬಿರುಸಾಗುತ್ತದೆ. ಮೃದುವಾದ ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳನ್ನು ಅಪ್ಪಿ ಹಿಡಿಯುತ್ತದೆ. ಬಿರುಸಾದದ್ದು ಅವುಗಳ ಮೇಲೆ ಜಾರುತ್ತದೆ. ಆಮೇಲೆ ಪಕ್ಕೆಯಲ್ಲಿ ಕೂದಲೆಳೆಯ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ಐದು ವರ್ಷ ತುಂಬಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕೆಂದೂ, ಹತ್ತು ವರ್ಷವಾದದ್ದನ್ನು ಎಷ್ಟೇ ಚೆನ್ನಾಗಿ ಕಂಡರೂ ಬಿಡಬೇಕೆಂದೂ ದೊಡ್ಡ ತಯಾರಕರೇ ಹೇಳುತ್ತಾರೆ. ನಮ್ಮ ಶಾಲೆಯ ಮಿತ್ರರೊಬ್ಬರು ಅಂಗಡಿ ಖಾಲಿಮಾಡುತ್ತಿದ್ದವರಲ್ಲಿ ಅರ್ಧ ಬೆಲೆಗೆ “ಹೊಸ” ಟೈರು ತಂದರು. ಹೊಸದೇನೋ ನಿಜ, ಒಂದು ಗಜವೂ ಓಡಿರಲಿಲ್ಲ. ಆದರೆ ಹುಟ್ಟಿ ಏಳು ವರ್ಷವಾಗಿತ್ತು. ಮೊದಲನೆಯ ಮಳೆಗಾಲದಲ್ಲಿಯೇ ಎರಡು ಬಾರಿ ಜಾರಿತು. ಎರಡನೆಯ ಸಲ ಅವರ ಮಣಿಕಟ್ಟು ಮುರಿಯಿತು. ಅಗ್ಗವೆಂದು ಮುಗ್ಗಿದ ಜೋಳ ಕೊಂಡಂತಾಯಿತು.

ಇಲ್ಲಿಗೆ ನಾನು ಆರಂಭದಲ್ಲಿ ಹೇಳಿದ ಎರಡು ಬಗೆಯವರ ವಿಷಯ ಬಂತು. ಟೈರು ಕೊಳ್ಳುವ ಮುನ್ನ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನನ್ನ ಟೈರು ಸವೆದು ಸಾಯುವುದೋ, ಮುಪ್ಪಾಗಿ ಸಾಯುವುದೋ?

ದಿನಕ್ಕೆ 40 ಕಿಲೋಮೀಟರಿನಂತೆ ವರ್ಷದಲ್ಲಿ 300 ದಿನ ಓಡಾಡುವವರಿಗೆ ವರ್ಷಕ್ಕೆ 12,000 ಕಿಲೋಮೀಟರಾಯಿತು. ಅವರ ಟೈರಿಗೆ ಮುದಿಯಾಗುವಷ್ಟು ಬಿಡುವೇ ಇಲ್ಲ, ಸವೆದೇ ಸಾಯುತ್ತದೆ. ಅವರು ಬೆಲೆಯನ್ನು ಕಿಲೋಮೀಟರಿನಿಂದ ಭಾಗಿಸಿ ನೋಡಬೇಕು. ಉದಾಹರಣೆಗೆಂದು ಹೇಳುತ್ತೇನೆ: 1,500 ರೂಪಾಯಿಯ ಟೈರು 12,000 ಕಿಲೋಮೀಟರು ಓಡಿದರೆ ಕಿಲೋಮೀಟರಿಗೆ ಹನ್ನೆರಡೂವರೆ ಪೈಸೆ ಬಿತ್ತು. 2,000 ರೂಪಾಯಿಯದು 20,000 ಓಡಿದರೆ ಹತ್ತೇ ಪೈಸೆ. ಐನೂರು ರೂಪಾಯಿ ಹೆಚ್ಚು ಕೊಟ್ಟವನೇ ಇಲ್ಲಿ ಲಾಭ ಪಡೆದವನು. ಯಾವ ಟೈರು ಎಷ್ಟು ಓಡುತ್ತದೆಂಬುದಕ್ಕೆ ನಿಮ್ಮದೇ ರಸ್ತೆಯಲ್ಲಿ, ನಿಮ್ಮಷ್ಟೇ ಹೊರೆ ಹೇರಿ ಓಡಿಸುವವರ ಮಾತೇ ಪ್ರಮಾಣ.

ಭಾನುವಾರ ಭಾನುವಾರ 20 ಕಿಲೋಮೀಟರು ಓಡುವ ಜಾವಾ ವರ್ಷಕ್ಕೆ ಸಾವಿರವನ್ನಷ್ಟೇ ಮುಟ್ಟುತ್ತದೆ. 20,000 ಕಿಲೋಮೀಟರು ಬಾಳುವ ಟೈರು ಇದರಲ್ಲಿ ಸವೆಯಬೇಕಾದರೆ ಇಪ್ಪತ್ತು ವರ್ಷ ಬೇಕು. ಹತ್ತರಲ್ಲೇ ರಬ್ಬರು ಸತ್ತಿರುತ್ತದೆ. ದೀರ್ಘ ಬಾಳಿಕೆಗೆಂದು ಇವರು ಕೊಡುವ ಹಣವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ. ಇವರು ಬಾಳಿಕೆಯನ್ನು ಬಿಟ್ಟು ತಾಜಾತನವನ್ನೂ ಹಿಡಿತವನ್ನೂ ಕೊಳ್ಳಬೇಕು. ಅಪರೂಪದ ಅಳತೆಯದೆಂದು ಎರಡು ಜೊತೆ ಕೊಂಡು ಅಟ್ಟದ ಮೇಲಿಡುವುದೂ ಜಾಣತನವಲ್ಲ. ಹೆಂಚಿನ ಕಾವಿನಲ್ಲಿ ಅದು ಓಡದೆಯೇ ಮುದಿಯಾಗುತ್ತದೆ.

ಮುಂದಿನ ಟೈರಿಗೂ ಹಿಂದಿನದಕ್ಕೂ ಇದೇ ವಿವೇಕ ಬೇಕು. ಎಂಜಿನ್ನಿನ ಎಳೆತವೂ ಹೊರೆಯೂ ಹಿಂದಿನದರ ಮೇಲೆ ಬೀಳುವುದರಿಂದ ಅದೇ ಬೇಗ ಸವೆಯುತ್ತದೆ. ಅಲ್ಲಿ ಬಾಳಿಕೆಯ ಟೈರು ಲಾಭ. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬಾಗುತ್ತದೆ. ಆಗ ಕಾಪಾಡುವುದು ಮುಂದಿನ ಟೈರು. ಅಲ್ಲಿ ಹಿಡಿತವೇ ಲಾಭ. ಸ್ಪ್ಲೆಂಡರಿನಂತೆ ಎರಡೂ ಕಡೆ ಒಂದೇ ಅಳತೆಯಿರುವ ಗಾಡಿಯಲ್ಲಿ, ಹಿಂದೆ ಸವೆದದ್ದನ್ನು ಮುಂದಕ್ಕೆ ಹಾಕಿ ಹೊಸದನ್ನು ಹಿಂದಕ್ಕೆ ಹಾಕಿಸುವ ಉಳಿತಾಯ ಬಹಳ ಕಡೆ ನಡೆಯುತ್ತದೆ. ಹಿಂದೆ ಜಾರಿದರೆ ತಡೆದುಕೊಂಡು ನಿಲ್ಲಲು ಒಂದಿಷ್ಟು ಅವಕಾಶವುಂಟು. ಮುಂದೆ ಜಾರಿದರೆ ನೆಲ ಕಂಡ ಮೇಲೆಯೇ ತಿಳಿಯುವುದು.

ಸವೆತಕ್ಕೂ ಒಂದು ಮೇರೆಯಿದೆ. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ. ಪಕ್ಕೆಯ ಮೇಲೆ ಟಿಡಬ್ಲ್ಯುಐ ಎಂಬ ಅಕ್ಷರಗಳೋ ಸಣ್ಣ ತ್ರಿಕೋನವೋ ಅವುಗಳ ಜಾಗವನ್ನು ತೋರಿಸುತ್ತವೆ. ರಬ್ಬರು ಆ ದಿಣ್ಣೆಯ ಮಟ್ಟಕ್ಕೆ ಬಂತೆಂದರೆ ಟೈರಿನ ಆಯುಸ್ಸು ಮುಗಿಯಿತು. ಎರಡು ಗಾಲಿಯ ವಾಹನಕ್ಕೆ ಗೀರಿನ ಆಳ 0.8 ಮಿಲಿಮೀಟರಿಗೆ ಕಡಿಮೆಯಾಗಬಾರದೆಂದು ಕೇಂದ್ರ ಮೋಟಾರು ವಾಹನಗಳ ನಿಯಮಗಳು ಹೇಳುತ್ತವೆ. ಮಲೆನಾಡಿನವರು, ಕರಾವಳಿಯವರು ಅಲ್ಲಿಯವರೆಗೆ ಕಾಯದೆ ಜೂನ್ ತಿಂಗಳಿಗೆ ಮುಂಚೆಯೇ ಬದಲಾಯಿಸುವುದು ಕ್ಷೇಮ. ನೀರನ್ನು ಪಕ್ಕಕ್ಕೆ ತಳ್ಳುವ ಕಾಲುವೆಗಳೇ ಆ ಗೀರುಗಳು.

ಹಳೆಯ ಟೈರನ್ನು ಹೊಸದರಂತೆ ಮಾರುವ ಕಲೆಯೂ ಬಲ್ಲವರುಂಟು. ಬೋಳಾದ ಟೈರಿನಲ್ಲಿ ಬಿಸಿ ಅಲಗಿನಿಂದ ಗೀರು ಕೊಯ್ದು ಕಪ್ಪು ಬಳಿದರೆ ದೂರಕ್ಕೆ ಹೊಸದೇ. ಗೀರು ಆಳವಾದಷ್ಟೂ ಒಳಗಿನ ನೂಲು ಹತ್ತಿರವಾಗುತ್ತದೆಂಬುದು ಕಣ್ಣಿಗೆ ಕಾಣುವುದಿಲ್ಲ. ಮೇಲೆ ಹೊಸ ರಬ್ಬರು ಅಂಟಿಸಿದ ರಿಸೋಲ್ ಟೈರುಗಳೂ ಅಗ್ಗಕ್ಕೆ ಸಿಗುತ್ತವೆ. ಲಾರಿಯ ಹಿಂದಿನ ಜೋಡಿ ಗಾಲಿಗಳಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ತಾಳಿಕೊಳ್ಳುತ್ತದೆ; ಮೋಟಾರು ಸೈಕಲ್ಲಿಗೆ ಅಂಥ ಆಸರೆಯಿಲ್ಲ. ಅಂತರಜಾಲದ ಅಂಗಡಿಗಳಲ್ಲಿ ಒಮ್ಮೊಮ್ಮೆ ಬೆಲೆ ಇಳಿದಿರುವುದು ನಿಜ. ಆದರೆ ಅಲ್ಲಿ ಟೈರನ್ನು ಮಗುಚಿ ತೇದಿ ನೋಡಲಾಗದು. ತರಿಸಿದರೂ, ಪೊಟ್ಟಣ ಬಿಚ್ಚಿದ ಕೂಡಲೆ ತೇದಿ ನೋಡಿ, ಹಳೆಯದಾದರೆ ಗಾಲಿಗೆ ಹಾಕಿಸುವ ಮುನ್ನವೇ ಹಿಂದಿರುಗಿಸಿ.

ಹಾಕಿಸುವಾಗ ಮೂರು ಸಂಗತಿಗಳನ್ನು ನಿಂತು ನೋಡಿ. ಮೊದಲನೆಯದು, ಕಡ್ಡಿಗಳಿರುವ ಗಾಲಿಗೆ ಟ್ಯೂಬು ಬೇಕೇ ಬೇಕು. ಹೊಸ ಟೈರಿಗೆ ಹೊಸ ಟ್ಯೂಬನ್ನೇ ಹಾಕಿಸಿ. ಹಿಗ್ಗಿದ ಹಳೆಯ ಟ್ಯೂಬು ಹೊಸ ಟೈರಿನಲ್ಲಿ ಮಡಿಚಿಕೊಂಡು ಮಡಿಕೆಯಲ್ಲೇ ಒಡೆಯುತ್ತದೆ. ಎರಡನೆಯದು, ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ರಿಮ್ಮಿನ ಒಳಗೆ ಸುತ್ತುವ ರಬ್ಬರು ಪಟ್ಟಿ. ಹಳೆಯ ಗಾಡಿಗಳಲ್ಲಿ ಇದು ಕೊಳೆತಿರುತ್ತದೆ, ಕೆಳಗೆ ರಿಮ್ಮು ತುಕ್ಕು ಹಿಡಿದಿರುತ್ತದೆ. ತುಕ್ಕನ್ನು ಉಜ್ಜಿಸಿ ಹೊಸ ಪಟ್ಟಿ ಹಾಕಿಸಿ. ಅದರ ಬೆಲೆ ಒಂದು ಪಂಕ್ಚರಿನ ಖರ್ಚಿಗಿಂತ ಹೆಚ್ಚೇನಲ್ಲ. ಮೂರನೆಯದು, ಪಕ್ಕೆಯ ಮೇಲಿನ ಬಾಣದ ಗುರುತು. ಗಾಲಿ ಮುಂದಕ್ಕೆ ಉರುಳುವ ಕಡೆಗೇ ಅದು ತಿರುಗಿರಬೇಕು.

ಹೊಸ ಟೈರಿನ ಮೈ ನುಣುಪು. ಮೊದಲ ನೂರೈವತ್ತು ಕಿಲೋಮೀಟರು ತಿರುವುಗಳಲ್ಲಿ ಬಾಗಿಸದೆ, ಥಟ್ಟನೆ ಬ್ರೇಕು ಹಿಡಿಯದೆ ಓಡಿಸಿ. ವಾರಕ್ಕೊಮ್ಮೆ, ಗಾಡಿ ಓಡಿ ಬಿಸಿಯಾಗುವ ಮೊದಲು, ಗಾಳಿ ನೋಡಿಸಿ. ಗಾಳಿ ಕಡಿಮೆಯಾದರೆ ಟೈರಿನ ಎರಡು ಅಂಚುಗಳು ಸವೆಯುತ್ತವೆ, ಹೆಚ್ಚಾದರೆ ನಡುಭಾಗ. ಒಂದೇ ಪಕ್ಕ ಸವೆದರೆ ಹಿಂದಿನ ಗಾಲಿ ಚೈನಿಗೆ ನೇರವಾಗಿಲ್ಲವೆಂದು ಅನುಮಾನಿಸಬೇಕು. ಬಿಚ್ಚಿದ ಹಳೆಯ ಟೈರನ್ನು ಎಸೆಯುವ ಮೊದಲು ಹೀಗೆ ಒಮ್ಮೆ ಪರೀಕ್ಷಿಸಿದರೆ ಗಾಡಿಯ ರೋಗವೂ ತಿಳಿಯುತ್ತದೆ. ಆ ರೋಗ ವಾಸಿಯಾಗದೆ ಎಷ್ಟು ಒಳ್ಳೆಯ ಟೈರು ತಂದರೂ ವ್ಯರ್ಥ.

ಆದ್ದರಿಂದ ಅಂಗಡಿಗೆ ಹೋದಾಗ “ಕಡಿಮೆಯದು ಯಾವುದು?” ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೆ ಮುಂಚೆ ನಾಲ್ಕು ಪ್ರಶ್ನೆ ಕೇಳಿ: ಅಳತೆ ನನ್ನ ರಿಮ್ಮಿಗೆ ಸರಿಯೆ? ಭಾರದ ಸಂಖ್ಯೆ ನನ್ನ ಹೊರೆಗೆ ಸಾಕೆ? ಹುಟ್ಟಿದ ವಾರ ಯಾವುದು? ರಶೀದಿ ಕೊಡುತ್ತೀರಾ? ರಶೀದಿಯಿಲ್ಲದೆ ಹೋದರೆ ನಾಳೆ ಟೈರು ಉಬ್ಬಿದಾಗ ಕೇಳುವವರಿಲ್ಲ. ಈ ನಾಲ್ಕಕ್ಕೂ ಸರಿಯಾದ ಉತ್ತರ ಕೊಟ್ಟ ಟೈರುಗಳಲ್ಲಿ ಯಾವುದು ಅಗ್ಗವೋ ಅದನ್ನು ಧಾರಾಳವಾಗಿ ಕೊಳ್ಳಿ. ಹೆಸರಿಗಾಗಿ ಹೆಚ್ಚು ಕೊಡಬೇಕಾಗಿಲ್ಲ. ನಾಲ್ಕರಲ್ಲಿ ಒಂದಕ್ಕೆ ತಪ್ಪಿದರೂ ಅದನ್ನು ಬಿಟ್ಟಿ ಕೊಟ್ಟರೂ ಬೇಡವೆನ್ನಿ. ಟೈರನ್ನು ಆರಿಸುವವರು ನೀವು. ಹಿಂದೆ ಕುಳಿತು ನಿಮ್ಮ ಭುಜ ಹಿಡಿದು ಬರುವ ಮಗುವಿಗೋ ಮಡದಿಗೋ ಆ ಆಯ್ಕೆಯಲ್ಲಿ ಪಾಲಿಲ್ಲ. ಬೀಳುವಾಗ ಮಾತ್ರ ಅವರೂ ಪಾಲುಗಾರರು.